ಗಿಂಡಿ ಹೂವೂ ಬೇರೆ ಒಲೆಯೂ

ನಾನು ಹುರುಳಿ ಕೇರುತ್ತಾ ಕೂತಿದ್ದೆ. ಹೊರಗೆ ಮಂಜು, ಒಳಗೆ ಹೊಗೆ. ಬಾಗಿಲಿಗೆ ಒರಗಿ ಕೂತರೆ ಮಾತ್ರ ಮೊರದಲ್ಲಿ ಕಲ್ಲು ಯಾವುದು ಕಾಳು ಯಾವುದು ಕಾಣುವಷ್ಟು ಬೆಳಕು. ಅಷ್ಟರಲ್ಲಿ ನಮ್ಮ ಯಜಮಾನರು ಹೊತ್ತಲ್ಲದ ಹೊತ್ತಿನಲ್ಲಿ ತೋಟದಿಂದ ಬಂದರು. ತಲೆಯ ಮೇಲಿನ ಗೋಣಿಕೊಪ್ಪೆಯನ್ನೂ ತೆಗೆಯದೆ ಹೇಳಿದರು:

"ಷೆಡ್ಡಲ್ಲಿದ್ದದ್ದೆಲ್ಲ ಬೂಷ್ಟು ಹಿಡ್ದೋಯ್ತು. ಮೊದಲಿಂದ ಒಣಗಿಸ್ಬೇಕು. ನಮ್ಮನೆ ಒಲೆ ಮೇಲೆ."

ಅವರು ಊಟಿಯ ದೊಡ್ಡ ಹೂದೋಟದಲ್ಲಿ ಗಿಡ ಒಣಗಿಸುವ ಕೆಲಸದಲ್ಲಿದ್ದರು. ಹೂ ಎಲೆ ಸಮೇತ ಕೊಂಬೆಯನ್ನು ಕಾಗದದ ನಡುವೆ ಒತ್ತಿ, ತೇವ ತೆಗೆದು, ಹಾಳೆಗೆ ಅಂಟಿಸುವ ಹಾಗೆ ಮಾಡಿಕೊಡುವುದು. ಆ ವರ್ಷ ಗಿಡಗಳ ಶಾಸ್ತ್ರ ಓದಿದ ದೊರೆಯೊಬ್ಬರು ಬಂದು, ಒಂದೇ ಬಗೆಯ ಗಿಡಗಳನ್ನೆಲ್ಲ ಒಣಗಿಸಿ ಸೀಮೆಗೆ ಕಳಿಸಬೇಕೆಂದು ಹೇಳಿದ್ದರು. ಆಷಾಢದ ಮಳೆಗಾಳಿಯಲ್ಲಿ ಊಟಿಯಲ್ಲಿ ಉಟ್ಟ ಸೀರೆಯೇ ಒಣಗುವುದಿಲ್ಲ, ಇನ್ನು ನೀರು ತುಂಬಿದ ಹೂವು ಒಣಗುತ್ತದೆಯೇ!

ಒಳಗಿನಿಂದ ಅತ್ತೆಯವರ ದನಿ ಬಂತು. "ಒಳ್ಳೇದೇ ಆಯ್ತು ಬುಡು. ಗೌರಿ ಹಬ್ಬಕ್ಕೆ ಓಗೋಗಂಟ ಅವಳ ಕೈಗೊಂದು ಕೆಲ್ಸ ಸಿಕ್ತು."

ಅವಳು ಎಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ವರ್ಷಗಳಾಗಿದ್ದವು, ಮಡಿಲು ತುಂಬಿರಲಿಲ್ಲ. ಅವಳ ತವರು ಕಲ್ಲಟ್ಟಿ ಘಾಟಿ ಇಳಿದರೆ ಸಿಗುವ ಮಸಿನಗುಡಿ. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಎಲ್ಲರಲ್ಲೂ ಇರುವ ವಾಡಿಕೆ. ಇವಳನ್ನು ಕಳಿಸುವುದು, ಮತ್ತೆ ಕರೆತರಲು ಯಾರೂ ಹೋಗದಿರುವುದು, ಇದು ಅತ್ತೆ ಗಟ್ಟಿ ಮಾಡಿಕೊಂಡಿದ್ದ ಉಪಾಯ. ಗುಂಡ್ಲುಪೇಟೆ ಕಡೆಯ ಇನ್ನೊಂದು ಹುಡುಗಿಯನ್ನು ಆಗಲೇ ನೋಡಿ ಬಂದಿದ್ದರು. ಹಬ್ಬದ ನೆವದಲ್ಲಿ ಹೆಂಡತಿಯನ್ನು ಹೊರಗೆ ಹಾಕುವುದು! ದೇವಿಯ ಹೆಸರಿನಲ್ಲಿ! ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಭಾನುವಾರದ ರೈಲಿಗೆ ಬಂದು ಹೋಗುತ್ತಿದ್ದ ಮೈದುನನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಬಾಯಲ್ಲಿ ಅವಲಕ್ಕಿ ತುಂಬಿಕೊಂಡವನ ಹಾಗೆ ಇರುತ್ತಿದ್ದ.

ನಾನು ಆಗ ಬಸುರಿ. ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನನ್ನ ಬಸುರನ್ನೇ ಕೋಲು ಮಾಡಿಕೊಂಡು ಅವಳನ್ನು ಹೊಡೆದರು.

ಕೆಲಸ ಶುರುವಾಯಿತು. ಎರಡು ಹಲಗೆ, ನಡುವೆ ಹಳೇ ಪೇಪರು, ಪೇಪರಿನೊಳಗೆ ಕೊಂಬೆ, ಮೇಲೆ ರುಬ್ಬುವ ಗುಂಡಿನ ಭಾರ. ಹಲಗೆಗಳನ್ನು ಹಗ್ಗದಲ್ಲಿ ಬಿಗಿದು ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದೆವು. ಉರಿ ಜೋರಾದರೆ ಹೂ ಕಂದುತ್ತದೆ, ಕಡಿಮೆಯಾದರೆ ಎಲೆ ಕಪ್ಪಾಗುತ್ತದೆ. ಈ ಗಿಡದ ಎಲೆಗೆ ಕಪ್ಪಾಗುವುದೆಂದರೆ ಎಲ್ಲಿಲ್ಲದ ಆಸೆ. ಬೆಳಿಗ್ಗೆ ಸಂಜೆ ಪೇಪರು ಬದಲಾಯಿಸಬೇಕು, ಹಾಕುವ ಪೇಪರು ಬೆಚ್ಚಗಿದ್ದರೆ ತೇವವನ್ನು ಬೇಗ ಎಳೆಯುತ್ತದೆ. ಅದಕ್ಕೆ ಓರಗಿತ್ತಿ ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ಒಂದೊಂದು ಪೇಪರನ್ನೂ ಕಾಯಿಸಿ ಕೊಡುತ್ತಿದ್ದಳು. ಹೂವಿನ ತಲೆ ದಪ್ಪ, ಹಾಗೇ ಒತ್ತಿದರೆ ಕಾಲಿಗೆ ಸಿಕ್ಕಿದ ಚೆಂಡಿನಂತಾಗುತ್ತದೆ. ಹಿಂಬದಿಯ ಹೂಗಳನ್ನು ಬಿಡಿಸಿ ಬೇರೆ ಪೊಟ್ಟಣದಲ್ಲಿಟ್ಟು, ಮುಂದಿನವನ್ನು ಹರಡಬೇಕು. ಒಂದು ಎಲೆಯನ್ನಾದರೂ ಮಗುಚಿ ಅದರ ಬೆನ್ನು ಕಾಣುವ ಹಾಗೆ ಇಡಬೇಕು. ಆ ವಾರ ಒಣ ಸೌದೆ ಸಿಕ್ಕಿತ್ತು. ಮನೆದೇವರು ಮಾದಪ್ಪನ ದಯೆ, ಅದೊಂದಕ್ಕಾದರೂ ಕೈಮುಗಿದೆ.

ಹೈಡ್ರಾಂಜಿಯ ಎಂಬ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಒಣಗಿಸಿದ್ದನ್ನು ನೋಡಿಕೊಂಡು ಹೋಗಲು ದೊರೆಯ ರೈಟರು, ಅಂದರೆ ಗುಮಾಸ್ತರು, ಬರುತ್ತಿದ್ದರು. ಕೊಯಮತ್ತೂರು ಕಡೆಯವರು, ತಮಿಳಿನ ನಡುವೆ ಕನ್ನಡ ಸೇರಿಸಿ ಮಾತಾಡುವವರು. ಹೆಸರಿನ ಅರ್ಥ ಕೇಳಿದ್ದಕ್ಕೆ "ತಣ್ಣೀರ್ ಕುಡಂ ಅಮ್ಮಾ, ಅಂದ್ರೆ ನೀರಿನ ಪಾತ್ರೆ" ಎಂದರು. ಅದರ ಕಾಯಿ ಒಣಗಿದಾಗ ಬಾಯಿ ತೆರೆದ ಪುಟ್ಟ ನೀರಿನ ಪಾತ್ರೆಯಂತೆ ಇರುತ್ತದಂತೆ. ಓರಗಿತ್ತಿ ಒಂದು ಕಾಯಿಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, "ಗಿಂಡಿ ಕಣಕ್ಕ, ನೋಡು, ಥೇಟ್ ಗಿಂಡಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಗಿಂಡಿ ಹೂ.

ತೋಟದ ಅಂಚಿನಲ್ಲಿ ಇದ್ದದ್ದು ತುಂಬು ಚೆಂಡಿನ ಜಾತಿ. ಸುಣ್ಣ ಬಳಿದ ಗೋಡೆಯ ಪಕ್ಕ ನೆಟ್ಟದ್ದು ಕೆಂಪು ಮಿಶ್ರ, ಉಳಿದದ್ದು ನೀಲಿ, ಎರಡೂ ಒಂದೇ ಗಿಡದಿಂದ ಕತ್ತರಿಸಿದ ಕೊಂಬೆಗಳು. ದೊರೆಗೆ ಬೇಕಾಗಿದ್ದದ್ದು ಮುಖ್ಯವಾಗಿ ಇನ್ನೊಂದು, ಬಡಗಣ ಹಿಮದ ಬೆಟ್ಟದಿಂದ ತಂದು ಬೆಳೆಸಿದ್ದು. ಅದರ ಹೂ ತಟ್ಟೆಯಂತೆ ಚಪ್ಪಟೆ. ನಡುವೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಹೂ, ಸುತ್ತ ಅಂಚಿಗೆ ಮಾತ್ರ ದೊಡ್ಡ ಬಣ್ಣದ ಹೂ.

ರೈಟರು ಒಂದು ದಿನ ಜಗಲಿಯಲ್ಲಿ ಕೂತು, ಭೂತಗನ್ನಡಿ ಹಿಡಿದು, ಸೂಜಿಯಿಂದ ನಡುವಿನ ಹೂವೊಂದನ್ನು ಬಿಡಿಸಿ ತೋರಿಸಿದರು. ಐದು ಎಸಳು, ಹತ್ತು ಕೇಸರ, ಕೆಳಗೆ ಬಟ್ಟಲಿಗೆ ಅಂಟಿಕೊಂಡ ಬೀಜದ ಮನೆ. ಆಮೇಲೆ ಅಂಚಿನ ದೊಡ್ಡ ಹೂ ಬಿಡಿಸಿದರು. ನಾವು ಎಸಳು ಎಂದುಕೊಂಡದ್ದು ಎಸಳೇ ಅಲ್ಲ. ಮೊಗ್ಗನ್ನು ಹೊದ್ದಿರುವ ಹಸಿರು ಹೊದಿಕೆ ಇರುತ್ತದಲ್ಲ, ಅದೇ ಹಿಗ್ಗಿ ಬಣ್ಣ ಬಂದದ್ದು. ನಡುವೆ ಒಂದು ಚುಕ್ಕೆ. ಒಳಗೆ ಏನೂ ಇಲ್ಲ.

"ಇಷ್ಟು ದಿನ ಈ ಗಿಡಗಳನ್ನ ಕಲ್ಲು ಸಂದಿಯಲ್ಲಿ ಬೆಳೆಯೋ ಒಂದು ಸಣ್ಣ ಗಿಡದ ಕುಟುಂಬಕ್ಕೆ ಸೇರಿಸಿದ್ರು ಅಮ್ಮಾ. ಇಲ್ಲ, ಇವಕ್ಕೆ ಬೇರೆ ಕುಟುಂಬ ಅಂತ ಕೆಲವರು. ದೊರೆ ಅದನ್ನೇ ನೋಡ್ತಿದ್ದಾರೆ."

"ಪಾಲಿನ ವ್ಯಾಜ್ಯ ಅನ್ನಿ" ಎಂದೆ.

ಅವರು ನಕ್ಕರು. "ಪಾಲೇ ಅಮ್ಮಾ. ನೀವು ಒಣಗಿಸೋದೇ ಸಾಕ್ಷಿ."

ಎಲೆ ಎದುರುಬದುರು ಜೋಡಿಯಾಗಿರಬೇಕು, ಕಾಯಿ ಒಣಗಿ ಬಾಯಿ ಬಿಡಬೇಕು, ಬೀಜ ಧೂಳಿನಂತಿರಬೇಕು, ಹೀಗೆ ಕುಟುಂಬದ ಗುರುತು ಹೇಳಿದರು. ನಾವು ಸೀಮೆ ಮಲ್ಲಿಗೆ ಎನ್ನುತ್ತಿದ್ದ ಬಿಳಿ ಹೂವಿನ ಪೊದೆ ಮಲ್ಲಿಗೆಯ ನೆಂಟನೇ ಅಲ್ಲವಂತೆ. ಮಲ್ಲಿಗೆಯ ಎಸಳು ಕೆಳಗೆ ಕೊಳವೆಯಂತೆ ಕೂಡಿಕೊಂಡಿರುತ್ತದೆ, ಇದರದ್ದು ಬಿಡಿ ಬಿಡಿ ನಾಲ್ಕೆಸಳು, ಕೇಸರದ ಕಂತೆ. ಅದು ಗಿಂಡಿ ಹೂವಿನ ಮನೆಗೇ ಸೇರಿದ್ದು. ಅದರಲ್ಲಿ ಅಂಚಿನ ದೊಡ್ಡ ಹೂವೆಂಬುದು ಒಂದೂ ಇಲ್ಲ.

"ಹಂಗಾರೆ ಈ ದೊಡ್ಡ ಹೂವಿಗೆ ಏನಂತೀರಿ ಸ್ವಾಮಿ?" ಎಂದು ಓರಗಿತ್ತಿ ಕೇಳಿದಳು. ಅವಳೇ ಕೇಳಿದಳು, ನನಗೆ ಅದೇ ಸಂಕಟ.

"ಇದು ಮಲಟ್ಟುಪ್ಪೂ."

ಮಸಿನಗುಡಿಯಲ್ಲಿ ಬೆಳೆದವಳಿಗೆ ತಮಿಳು ಹೊಸದಲ್ಲ. ಅವಳ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಪೇಪರಿನ ಮೇಲೆ ಹಾಗೇ ನಿಂತಿತು, ಪೇಪರು ಸೀದು ವಾಸನೆ ಬಂತು. ಅತ್ತೆ ಒಳಗಿನಿಂದ ಕೂಗಿದರು. "ಏನಂತೆ ಕಣೋ ಅದು, ಏನಂದ್ರು?"

ನಮ್ಮ ಯಜಮಾನರು ಹಗ್ಗ ಬಿಗಿಯುತ್ತಾ, ತಲೆ ಎತ್ತದೆ, "ಬಂಜೆ ಹೂ ಅಂತೆ ಕಣವ್ವ" ಎಂದುಬಿಟ್ಟರು.

ಆ ಮಾತು ಮನೆಯೊಳಗೆ ಇಲಿ ನುಗ್ಗಿದಂತೆ ನುಗ್ಗಿತು, ಮತ್ತೆ ಹೊರಗೆ ಹೋಗಲಿಲ್ಲ. ಅವಳು ಕುಂಕುಮ ಇಟ್ಟುಕೊಂಡರೆ "ಅಂಚಿನ ಹೂವಿಗೆ ಬಣ್ಣ ಜಾಸ್ತಿ." ಅವಳು ಮುದ್ದೆ ತಿರುವಿದರೆ "ನೋಡೋಕ್ ದೊಡ್ಡದು, ಒಳಗೆ ಬಟ್ಟಬಯಲು." ಭಾನುವಾರ ಮೈದುನ ಬಂದಾಗ ಅತ್ತೆ ಅವನಿಗೆ ಆ ಹೂ ತೋರಿಸಿ ಶಾಸ್ತ್ರ ಹೇಳಿದರು: "ಸೀಮೆ ದೊರೆಗಳೇ ಯೋಳವ್ರೆ ಕಣಪ್ಪ, ನಾನಲ್ಲ." ಅವನು ನೋಡಿದ. ಕೈ ತೊಳೆದ. ರೈಲಿಗೆ ಹೊತ್ತಾಯಿತು ಎಂದ. ಅವನ ಬೆನ್ನಿಗೆ ಎಸೆಯಲು ನನ್ನ ಕೈಯಲ್ಲಿ ಆಗ ಸೌಟು ಬಿಟ್ಟು ಬೇರೇನೂ ಇರಲಿಲ್ಲ.

ಆಮೇಲೆ ಅತ್ತೆಯ ಕಣ್ಣು ಅಟ್ಟದ ಮೇಲೆ ಬಿತ್ತು. "ಬಸುರಿ ಉಣ್ಣೋ ಒಲೆ ನೆತ್ತಿ ಮೇಲೆ ಬಂಜೆ ಹೂವ ಕಟ್ಟವ್ರೆ. ಅದರ ಗಾಳಿ ಅನ್ನಕ್ಕೆ ಬೀಳಲ್ವಾ?" ಓರಗಿತ್ತಿ ನನಗೆ ಬಡಿಸಬಾರದು ಎಂದರು. ನನ್ನ ಸೀರೆ ಒಗೆಯಬಾರದು ಎಂದರು. ಅವರ ಭಯ ನನಗೆ ಅರ್ಥವಾಗದೇ ಇರಲಿಲ್ಲ. ನನ್ನದೊಂದು ಕೂಸು ಹುಟ್ಟಿದ ವಾರದಲ್ಲೇ ಹೋಗಿತ್ತು, ಅದನ್ನು ಮಣ್ಣಿಗೆ ಹಾಕಿ ಬಂದ ದಿನ ಅತ್ತೆ ಊಟ ಮಾಡಿರಲಿಲ್ಲ. ಆದರೆ ಭಯ ಇದ್ದವರು ದೇವರ ಮುಂದೆ ಕೂರಬೇಕು. ಇನ್ನೊಬ್ಬಳ ತಲೆಯ ಮೇಲೆ ಕೂರಬಾರದು.

ಒಂದು ದಿನ ಬೆಳಿಗ್ಗೆ ಮಂಜು ಹರಿದು ಬಿಸಿಲು ಇಣುಕಿತು. ನಾವಿಬ್ಬರೂ ಬಟ್ಟೆ ಗಂಟು ಹೊತ್ತು ಹಳ್ಳಕ್ಕೆ ಹೋದೆವು. ಬರುವಷ್ಟರಲ್ಲಿ ಹಲಗೆಗಳು ಅಟ್ಟದಿಂದ ಇಳಿದಿದ್ದವು. ಪೇಪರುಗಳು ನಡುಮನೆಯ ತುಂಬ ಬಿಚ್ಚಿ ಬಿದ್ದಿದ್ದವು. ಕೊಂಬೆಗಳೆಲ್ಲ ಇದ್ದವು, ಎಲೆಗಳಿದ್ದವು, ನಡುವಿನ ಸಾಸಿವೆ ಹೂವುಗಳೂ ಇದ್ದವು. ಅಂಚಿನ ದೊಡ್ಡ ಹೂ ಒಂದೂ ಇರಲಿಲ್ಲ. ಅಕ್ಕಿಯಲ್ಲಿ ನೆಲ್ಲು ಆರಿಸಿ ತೆಗೆದ ಹಾಗೆ, ಒಂದೊಂದನ್ನೂ ಚಿವುಟಿ ತೆಗೆದಿದ್ದರು. ಹಿತ್ತಿಲ ತಿಪ್ಪೆಯ ಮೇಲೆ ಅವು ನೀಲಿಯಾಗಿ ಹರಡಿದ್ದವು.

"ಬಂಜೇವ ಮಾತ್ರ ತೆಗ್ದಿವ್ನಿ" ಎಂದರು ಅತ್ತೆ, ಉಪಕಾರ ಮಾಡಿದವರ ಹಾಗೆ. "ಒಳ್ಳೇವು ಅಂಗೇ ಅವೆ. ದೊರೆಗೆ ಒಳ್ಳೇವೇ ಓಗ್ಲಿ."

ಪಾಪ, ಅವರ ಲೆಕ್ಕದಲ್ಲಿ ಅದು ಸರಿ. ಶುಭಕ್ಕೆ ಕಳಿಸುವ ತಟ್ಟೆಯಲ್ಲಿ ಕೊರತೆಯದ್ದನ್ನು ಇಡುವುದಿಲ್ಲ ನಮ್ಮವರು. ಆದರೆ ಆ ಹೊತ್ತು ನನಗೆ ಪಾಪ ಎನಿಸಲಿಲ್ಲ. ಓರಗಿತ್ತಿ ಒದ್ದೆ ಬಟ್ಟೆಯ ಗಂಟನ್ನು ಇಳಿಸಿ, ಪೇಪರುಗಳನ್ನು ಮಡಿಸತೊಡಗಿದಳು.

ಮಧ್ಯಾಹ್ನ ರೈಟರು ಬಂದರು. ಒಂದು ಪೇಪರು ಬಿಚ್ಚಿದರು, ಇನ್ನೊಂದು ಬಿಚ್ಚಿದರು. "ಐಯೋ ಕಡವುಳೇ! ಅಂಚಿನ ಹೂವಿಲ್ದೆ ಇದು ಯಾವ ಜಾತಿ ಅಂತ ಹೇಗೆ ಹೇಳೋದು? ನಡುವಿನದೂ ಬೇಕು, ಸುತ್ತಿನದೂ ಬೇಕು. ಎರಡೂ ಇದ್ರೇನೇ ಅದು ಒಂದು ಹೂಗೊಂಚಲು. ಯಾರು ಮಾಡಿದ್ದು ಇದು?"

ನಮ್ಮ ಯಜಮಾನರು ಅವ್ವನ ಮುಖ ನೋಡಿದರು, ರೈಟರ ಮುಖ ನೋಡಿದರು. ಆಮೇಲೆ ಹೇಳಿದರು. "ನಮ್ ಕಿರಿಯೋಳು ಸ್ವಾಮಿ. ಗೊತ್ತಾಗ್ನಿಲ್ಲ ಅವಳ್ಗೆ. ಕೈಗುಣ ಸರಿಯಿಲ್ಲ. ಎರಡು ದಿನದಲ್ಲಿ ತವರಿಗೆ ಓಯ್ತಾಳೆ ಬುಡಿ."

ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಒಂದು ಸುಳ್ಳಿನಲ್ಲಿ ಅವಳ ಹೆಸರೂ ಕೆಟ್ಟಿತು, ಇರಲು ಇದ್ದ ದಿನವೂ ಕಡಿಮೆಯಾಯಿತು. ತಾಳಿ ಕಟ್ಟಿದ ಗಂಡನ ಮಾತನ್ನು ಹೊರಗಿನವರ ಎದುರಿಗೆ ನಾನು ಅದುವರೆಗೆ ಮೀರಿದವಳಲ್ಲ.

"ಸುಳ್ಳು" ಎಂದೆ. "ಕಿತ್ತದ್ದು ಅತ್ತೆಮ್ಮ. ಅವಳು ನನ್ ಜೊತೇಲಿ ಹಳ್ಳದಲ್ಲಿ ಬಟ್ಟೆ ಒಗೀತಿದ್ಲು."

"ಒಳೀಕ್ ನಡಿ."

"ನಡಿಯಲ್ಲ."

ರೈಟರು ಒಳ್ಳೆಯವರು, ಜಗಳ ತಣಿಸಲು ಹೋದರು. "ಕೋಪ ಬೇಡಮ್ಮಾ. ಮಲಟ್ಟುಪ್ಪೂ ಅಂದ್ರೆ ಕೆಟ್ಟದಲ್ಲ. ಅದರ ಬಣ್ಣ ನೋಡಿ ತಾನೇ ಜೇನು ಬರೋದು? ನಡುವಿನ ಹೂ ಕಾಯಿ ಕಟ್ಟೋದು ಅದರ ಉಪಕಾರದಿಂದ."

ಆ ಸಮಾಧಾನ ಕೇಳಿ ನನಗೆ ಇನ್ನೂ ಉರಿಯಿತು.

"ಅವಳು ಯಾರ ಮಕ್ಕಳಿಗೂ ಜೇನು ಕರ್ಯೋಕೆ ಬಂದೋಳಲ್ಲ ಸ್ವಾಮಿ. ನಿಮ್ ಹೂವ ನಿಮ್ ಹಾಳೆ ಮೇಲೆ ಇಟ್ಕೊಳಿ, ಅವಳ ಮೇಲೆ ಇಡ್ಬೇಡಿ. ಹೂವಿಗಾದ್ರೂ ನೀವು ಸೂಜಿ ಇಕ್ಕಿ ಬಿಡ್ಸಿ, ಭೂತಗನ್ನಡಿ ಹಿಡ್ದು ನೋಡಿ, ಆಮೇಲೆ ಹೆಸರಿಟ್ರಿ. ಇವಳ್ಗೆ? ಕೊರತೆ ಇವಳ್ದೋ, ಅವನ್ದೋ, ಕೊಡೋ ದೇವ್ರದೋ, ಯಾರ್ ಬಿಡ್ಸಿ ನೋಡ್ದೋರು? ನೋಡ್ದಲೇ ಹೆಸರಿಟ್ಟವ್ರೆ!"

ರೈಟರು ಬಿಚ್ಚಿದ ಪೇಪರನ್ನು ಮಡಿಸಿದರು. ಅತ್ತೆ ಎದೆ ಬಡಿದುಕೊಂಡರು. "ಮನೆಮುರುಕಿ! ನನ್ ಮಗನ್ನೇ ಅನ್ನೋಕ್ ಬಂದ್ಲು. ಮನೆ ಮುರಿಯೋಕ್ ನಿಂತವ್ಳೆ!"

"ಹೂಂ, ಮುರುಕೀನೇ. ಇವತ್ತಿಂದ ಒಲೆ ಬೇರೆ. ಅವಳು ನನ್ ಒಲೆ ಕಡೆ."

ನಮ್ಮಲ್ಲಿ ಓರಗಿತ್ತಿಯರು ಜಗಳವಾಡಿ ಒಬ್ಬರಿಂದೊಬ್ಬರು ಒಲೆ ಬೇರೆ ಮಾಡಿಕೊಳ್ಳುವುದುಂಟು. ಓರಗಿತ್ತಿಯರಿಬ್ಬರೂ ಒಟ್ಟಾಗಿ ಅತ್ತೆಯಿಂದ ಬೇರೆಯಾದದ್ದನ್ನು ಯಾರೂ ಕೇಳಿರಲಿಲ್ಲ. ಅದೂ ಅಲ್ಲದೆ ಬಸುರಿ ಇರುವ ಮನೆಯಲ್ಲಿ ಹೊಸ ಒಲೆ ಹೂಡಬಾರದು ಎನ್ನುತ್ತಾರೆ. ಮಾದಪ್ಪನಿಗೆ ತಪ್ಪುಕಾಣಿಕೆ ಎಂದು ಒಂದು ಕಾಸು ಅರಿಶಿನ ಬಟ್ಟೆಯಲ್ಲಿ ಕಟ್ಟಿಟ್ಟೆ. ತಪ್ಪು ಎನಿಸಿದ್ದಕ್ಕಲ್ಲ, ಅವನಿಗೆ ಹೇಳದೆ ಮಾಡಿದೆ ಎನಿಸಬಾರದಲ್ಲ. ಜಗಲಿಯ ಪಕ್ಕದ ಚಪ್ಪರದಲ್ಲಿ ಮೂರು ಕಲ್ಲನ್ನು ಓರಗಿತ್ತಿಯೇ ಹೂಡಿದಳು. ಬಸುರಿ ಎಂದು ನನಗೆ ಕಲ್ಲು ಮುಟ್ಟಲು ಬಿಡಲಿಲ್ಲ.

"ಅಕ್ಕ, ನೀನು ಹಿಂಗೆ ಮಾಡಬಾರದಿತ್ತು" ಎಂದಳು.

"ನೀನಾದ್ರೂ ಬಾಯಿ ಬಿಡಬಾರದಿತ್ತಾ ಇಷ್ಟು ದಿನ?" ಅವಳ ಮೇಲೂ ಸಿಟ್ಟು ಬಂತು ನನಗೆ.

"ಬಿಡ್ತೀನಿ. ಮೊದ್ಲು ಇದ ಒಣಗಿಸಾನ."

ರೈಟರು ಮಾರನೆಯ ದಿನ ಹೊಸ ಕೊಂಬೆ ತಂದುಕೊಟ್ಟರು. ನೆರಳಿನ ಕಡೆಯ ಒಂದು ಪೊದೆಯಲ್ಲಿ ಮಾತ್ರ ಹೂ ಉಳಿದಿದ್ದವು, ಅದೂ ಮಳೆಗೆ ಸಿಕ್ಕಿ ಜೋತು ಬಿದ್ದಿದ್ದವು. ಇನ್ನೊಂದು ಸಲ ಕೆಟ್ಟರೆ ಮುಂದಿನ ವರ್ಷವೇ ಗತಿ. ಚಪ್ಪರಕ್ಕೆ ಗೋಡೆಯಿಲ್ಲ, ಗಾಳಿ ಉರಿಯನ್ನು ಅತ್ತಿತ್ತ ಎಳೆಯುತ್ತದೆ. ಹಳೇ ಕಂಬಳಿ ಕಟ್ಟಿದೆವು. ಮೊದಲ ಕಂತೆ ಕಪ್ಪಾಯಿತು. ಹೂವಿನ ಮೈಯಲ್ಲಿದ್ದ ಮಳೆ ನೀರನ್ನು ಒರೆಸದೆ ಒತ್ತಿದ್ದೆವು. ಎರಡನೆಯ ಸಲ ಅವಳು ಒಂದೊಂದು ಹೂವನ್ನೂ ಬಟ್ಟೆಯ ಚೂರಿನಲ್ಲಿ ಅದುಮಿ, ಬಿಸಿ ಪೇಪರಿನಲ್ಲಿಟ್ಟು, ಬೇಗ ಬೇಗ ಪೇಪರು ಬದಲಾಯಿಸಿದಳು. ನೀಲಿ ಉಳಿಯಿತು. ಆ ನೀಲಿ ನೋಡಿ ಕಣ್ಣಿಗೆ ಒತ್ತಿಕೊಂಡೆ.

ಒಮ್ಮೆ ಅವಳೇ ಸೂಜಿ ತೆಗೆದುಕೊಂಡು ಅಂಚಿನ ಹೂಗಳನ್ನು ಬಿಡಿಸಿ ನೋಡುತ್ತಾ ಕೂತಳು. ಒಂದರಲ್ಲಿ ಏನೋ ಕಂಡಿತು. ರೈಟರು ಭೂತಗನ್ನಡಿ ಹಿಡಿದು, "ಹೌದು, ಇದರಲ್ಲಿ ಕೇಸರ ಇದೆ, ಕೆಳಗೆ ಸಣ್ಣ ಬಟ್ಟಲೂ ಇದೆ. ಕೆಲವದರಲ್ಲಿ ಇರುತ್ತೆ. ಎಲ್ಲ ಒಂದೇ ತರಹ ಅಲ್ಲ" ಎಂದರು. ನಾನು ಅವಳ ಮುಖ ನೋಡಿದೆ. ಅವಳು ಆ ಹೂವನ್ನು ಪೇಪರಿಗೆ ಸೇರಿಸಿ, "ಇದ್ರೂ ಇಲ್ದಿದ್ರೂ ಒಣಗೋದು ಒಂದೇ ತರ ಕಣಕ್ಕ" ಎಂದು ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಲು ಎದ್ದಳು.

ಯಜಮಾನರು ನನ್ನೊಂದಿಗೆ ಮಾತು ಬಿಟ್ಟಿದ್ದರು. ಹಸಿವಾದಾಗ ಅವ್ವನ ಒಲೆಯಲ್ಲಿ ಉಂಡು, ಆಮೇಲೆ ಚಪ್ಪರದ ಕಡೆ ಬಂದು ಕೆಮ್ಮುತ್ತಿದ್ದರು. ನಾನು ಸಾರು ಹಾಕುತ್ತಿದ್ದೆ. ಕೆಮ್ಮಿಗೆ ಸಾರು, ಅಷ್ಟೇ. ಮಾತಿಗೆ ಮಾತು ಅವರು ಸುಳ್ಳನ್ನು ವಾಪಸು ತೆಗೆದುಕೊಂಡ ಮೇಲೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಅವರು ರೈಟರಿಗೆ ಅದನ್ನು ಹೇಳಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಎರಡು ದಿನದಲ್ಲಿ ಕಳಿಸುತ್ತೇವೆಂಬ ಮಾತಂತೂ ಅಲ್ಲಿಗೇ ಬಿದ್ದುಹೋಯಿತು. ಆದರೆ ಅತ್ತೆ ಹಬ್ಬವನ್ನು ಬಿಡಲಿಲ್ಲ. ಮಸಿನಗುಡಿಗೆ ಹೇಳಿ ಕಳಿಸಿದರು.

ಗೌರಿ ಹಬ್ಬದ ದಿನ ಅವಳ ಅಣ್ಣ ಗಾಡಿ ಹೂಡಿಕೊಂಡು ಕಲ್ಲಟ್ಟಿ ಹತ್ತಿ ಬಂದರು. ಮೊರದ ಬಾಗಿನ, ಹೊಸ ಸೀರೆ, ಬಳೆ ತಂದಿದ್ದರು. ತಂಗಿಯನ್ನು ಹಬ್ಬಕ್ಕೆ ಕರೆದೊಯ್ಯುತ್ತಿದ್ದೇನೆ ಎಂದೇ ಅವರ ಎಣಿಕೆ, ಮುಖದ ತುಂಬ ನಗು. ಅವಳ ಬಟ್ಟೆಯ ಗಂಟು ಆಗಲೇ ಗಾಡಿಯಲ್ಲಿತ್ತು. ಗಂಟು ಸಣ್ಣದಿರಲಿಲ್ಲ. ಹಬ್ಬಕ್ಕೆ ಹೋಗುವವರು ಪಾತ್ರೆ ಪಡಗ ಕಟ್ಟಿಕೊಂಡು ಹೋಗುವುದಿಲ್ಲ. ಮೈದುನ ಎತ್ತಿನ ಪಕ್ಕ ನಿಂತು ಅದರ ಕೊಂಬು ಸವರುತ್ತಿದ್ದ.

"ಬಾಮ್ಮಿ, ಹೊತ್ತಾಯ್ತದೆ" ಎಂದು ಅತ್ತೆ ಕರೆದರು. ಅಷ್ಟು ಮೃದುವಾಗಿ ಅವರು ಅವಳನ್ನು ಕರೆದದ್ದು ಅದೇ ಮೊದಲು.

ಓರಗಿತ್ತಿ ಚಪ್ಪರದಿಂದ ಬಂದಳು. ಕೈಯೆಲ್ಲ ಬೂದಿ. ಅಣ್ಣನ ಕಾಲಿಗೆ ನಮಸ್ಕಾರ ಮಾಡಿದಳು. ಕೈ ಒರೆಸಿಕೊಂಡು, ಸೆರಗಿನಲ್ಲಿ ಬಾಗಿನ ಹಿಡಿದಳು, ಕಣ್ಣಿಗೆ ಒತ್ತಿಕೊಂಡಳು.

"ಬಾಗಿನ ಕೊಟ್ಯಲ್ಲಣ್ಣ, ಗೌರಮ್ಮ ನಿನ್ನ ಚೆನ್ನಾಗಿಟ್ಟಿರ್ಲಿ. ಉಂಡ್ಕೊಂಡು ಓಗು. ನಾನು ಬರಕಾಗಲ್ಲ. ಪೇಪರು ಬದಲಾಯಿಸೋ ಹೊತ್ತು."

"ಹಬ್ಬ ಅಲ್ವೇನಮ್ಮಿ? ಅವ್ವ ಕಾಯ್ತವ್ಳೆ."

"ಈ ಸಲ ಬಂದ್ರೆ ವಾಪಸ್ ಕರ್ಕೊಂಡ್ ಓಗೋಕೆ ಯಾರೂ ಬರಲ್ಲ ಅಣ್ಣ. ಅದಕ್ಕೇ ಬರಲ್ಲ. ಇವ್ರನ್ನೇ ಕೇಳು."

ಅಣ್ಣನ ನಗು ಆರಿತು. ಅವರು ಮೈದುನನ ಕಡೆ ತಿರುಗಿದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮೈದುನ ಎತ್ತಿನ ಕೊಂಬು ಬಿಟ್ಟ. ಗಾಡಿಯ ಹಿಂದಕ್ಕೆ ಹೋಗಿ ಗಂಟನ್ನು ಎತ್ತಿ, ನಮ್ಮ ಚಪ್ಪರದೊಳಗೆ ತಂದಿಟ್ಟ. ಇಳಿಸಿದ್ದಕ್ಕೆ ಅವನಿಗೆ ಪುಣ್ಯ ಬರಲಿ. ಅದನ್ನು ಗಾಡಿಗೆ ಏರಿಸಿದವನೂ ಅವನೇ.

ಅವಳು ತಿರುಗಿ ನೋಡದೆ ಒಲೆಯ ಮುಂದೆ ಕೂತು ಹಗ್ಗ ಬಿಚ್ಚತೊಡಗಿದಳು. ಅಣ್ಣ ಎತ್ತು ಬಿಚ್ಚಿ ಹುಲ್ಲು ಹಾಕಿದರು. ಅತ್ತೆ ಒಳಗೆ ಹೋಗಿ ಕದ ಮುಚ್ಚಿಕೊಂಡರು, ಚಿಲಕ ಹಾಕಿದ ಸದ್ದು ಮಾತ್ರ ಕೇಳಲಿಲ್ಲ. ನೆಂಟರು ಉಣ್ಣುವವರಿದ್ದರು, ನಮ್ಮ ಚಪ್ಪರದ ಒಲೆಯ ಮೇಲೆ ಒಬ್ಬಟ್ಟಿನ ಬೇಳೆ ಒಡೆಯುವ ಹದಕ್ಕೆ ಬಂದಿತ್ತು. ನಾನು ಹೋಗಿ ಅದರ ಕಟ್ಟು ಬಸಿದೆ.